ಲಕ್ಷ್ಮಮ್ಮ ಕೊಟ್ಟಿದ್ದು

ಗಂಟನ್ನು ಮೊದಲು ಕಂಡವಳು ಲಕ್ಷ್ಮಮ್ಮ. ಮಗ ಚೈತನ್ಯ ಗ್ಯಾರೇಜಿನಿಂದ ಬಂದು ಬರೀ ಬನಿಯನ್ನಿನಲ್ಲೇ ಊಟಕ್ಕೆ ಕೂತಿದ್ದ. ಬಗ್ಗಿ ಮುದ್ದೆ ಮುರಿಯುವಾಗ ಎಡಗಡೆ ಕತ್ತಿನ ಬುಡದಲ್ಲಿ ನೆಲ್ಲಿಕಾಯಿಯಷ್ಟು ಉಬ್ಬಿದ್ದು ಕಣ್ಣಿಗೆ ಬಿತ್ತು.

"ಏನೋ ಅದು?"

"ಏನೋ ಗೊತ್ತಿಲ್ಲಮ್ಮ. ನೋವೇನಿಲ್ಲ, ಬಿಡು."

ನೋವಿಲ್ಲ ಅಂದಮೇಲೆ ಹೆದರುವಂಥದ್ದಲ್ಲ ಎಂದುಕೊಂಡಳು. ಆದರೆ ಚಳಿಗಾಲದಲ್ಲೂ ಬೆಳಗಾಗುವ ಹೊತ್ತಿಗೆ ಅವನ ದಿಂಬು, ಹೊದಿಕೆ ಹಿಂಡುವಷ್ಟು ಒದ್ದೆಯಾಗುತ್ತಿದ್ದವು. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಇನ್ನು ತಡೆಯಲಾರದೆ ಗಂಡ ಗಂಗಾಧರಯ್ಯನನ್ನೂ ಹೊರಡಿಸಿಕೊಂಡು, ಕುಮಾರಸ್ವಾಮಿ ಲೇಔಟಿನಿಂದ ಜಯನಗರದ ಆಸ್ಪತ್ರೆಗೆ ಮಗನನ್ನು ಕರೆತಂದಳು.

ಆ ಆಸ್ಪತ್ರೆ ಅವರಿಗೆ ಹೊಸದಲ್ಲ. ಚೈತನ್ಯನಿಗೆ ಹದಿನಾಲ್ಕಾಗಿದ್ದಾಗ ಎರಡೂ ಕಿಡ್ನಿ ಕೆಟ್ಟು, ಲಕ್ಷ್ಮಮ್ಮ ತನ್ನದೊಂದನ್ನು ಕೊಟ್ಟಿದ್ದು ಅಲ್ಲೇ. ಈಗ ಎಂಟು ವರ್ಷ. ಮೈ ಆ ಕಿಡ್ನಿಯನ್ನು ಹೊರಗಿನದೆಂದು ತಿರಸ್ಕರಿಸದಿರಲು ಅವನು ಒಂದು ಹೊತ್ತೂ ತಪ್ಪದೆ ಮಾತ್ರೆ ನುಂಗಿಕೊಂಡು ಬಂದಿದ್ದ. ಓದು ಅಷ್ಟಕ್ಕಷ್ಟೇ ಆದರೂ ಕೈಯಲ್ಲಿ ಕಸುಬಿತ್ತು. ಮನೆ ಕೆಳಗಿನ ಮಳಿಗೆಯಲ್ಲೇ ಬೈಕ್ ರಿಪೇರಿ ಶುರು ಮಾಡಿದ್ದ. ಬೀದಿಯವರೆಲ್ಲ ಗಾಡಿ ಕೆಟ್ಟರೆ ಅವನನ್ನೇ ಕೂಗುತ್ತಿದ್ದರು. ನನ್ನ ಕಿಡ್ನಿ ಗಟ್ಟಿ ಕಿಡ್ನಿ ಎಂದು ಲಕ್ಷ್ಮಮ್ಮ ನೆಂಟರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರ್ ಮೇಘಶ್ರೀ ಮೂವರನ್ನೂ ಕೂರಿಸಿಕೊಂಡು ಹೇಳಿದರು. ಹಾಡ್ಜ್‌ಕಿನ್ಸ್ ಲಿಂಫೋಮಾ, ಕತ್ತು ಕಂಕುಳಲ್ಲಿರುವ ದುಗ್ಧರಸ ಗ್ರಂಥಿಗಳಿಗೆ ಬರುವ ಒಂದು ಕ್ಯಾನ್ಸರ್.

"ಆ ಪೆಟ್ರೋಲ್ ವಾಸ್ನೆಗಾ ಮೇಡಂ?" ಗಂಗಾಧರಯ್ಯ ಕೇಳಿದ. "ಗ್ಯಾರೇಜ್ ಬೇಡ ಕಣೋ ಅಂತ ಬಡ್ಕೊಂಡೆ."

"ಅದಲ್ಲ ಸಾರ್. ಇದು ಯಾಕ್ ಬಂತು ಅಂತ ಎಷ್ಟೋ ಜನರಲ್ಲಿ ಗೊತ್ತೇ ಆಗಲ್ಲ. ಕೆಲವ್ರಿಗೆ ಮಾತ್ರ ಅಪಾಯ ಸ್ವಲ್ಪ ಜಾಸ್ತಿ ಇರುತ್ತೆ. ಅಣ್ಣ ತಮ್ಮಂದಿರಿಗೆ ಬಂದಿದ್ರೆ, ಮೈಯಲ್ಲಿ ರೋಗ ತಡೆಯೋ ಶಕ್ತಿ ಕಮ್ಮಿ ಇದ್ರೆ. ಕಿಡ್ನಿ ಉಳಿಸೋಕೆ ಕೊಡೋ ಮಾತ್ರೆ ಆ ಶಕ್ತೀನೇ ತಗ್ಗಿಸುತ್ತೆ. ಅದ್ರ ಜೊತೆ ಒಂದು ವೈರಸ್ ಸೇರ್ಕೊಂಡಿದೆ. ಎಪ್‌ಸ್ಟೀನ್-ಬಾರ್ ಅಂತ. ದೊಡ್ಡೋರಲ್ಲಿ ಹೆಚ್ಚುಕಮ್ಮಿ ಎಲ್ಲರ ಮೈಯಲ್ಲೂ ಸುಮ್ನೆ ಮಲಗಿರುತ್ತೆ, ಏನೂ ಮಾಡಲ್ಲ. ತಡೆಯೋ ಶಕ್ತಿ ತಗ್ಗಿದ ಮೈಯಲ್ಲಿ ಅಪರೂಪಕ್ಕೆ ಹೀಗೆ ಕ್ಯಾನ್ಸರ್‌ಗೆ ದಾರಿ ಮಾಡುತ್ತೆ. ಚೈತನ್ಯಂಗೆ ಕಿಡ್ನಿ ಹಾಕೋ ಮುಂಚೆ ಅದು ಇರಲಿಲ್ಲ."

ಲಕ್ಷ್ಮಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಳು. "ನಂಗಿತ್ತಾ?"

ಮೇಘಶ್ರೀ ಫೈಲಿನ ಹಳೆಯ ಹಾಳೆಯೊಂದನ್ನು ತಿರುವಿ ನೋಡಿದರು. "ಇತ್ತಮ್ಮ."

"ಹಂಗಾದ್ರೆ ನನ್ ಕಿಡ್ನಿ ಜೊತೆಗೇ ಹೋಯ್ತಾ?"

"ಹೋಗಿರಬಹುದು. ಸ್ನೇಹಿತರ ಎಂಜಲು ಲೋಟದಿಂದ್ಲೂ ಬಂದಿರಬಹುದು. ಈಗ ಹೇಳೋಕಾಗಲ್ಲ. ಆಗ ನೀವು ಕೊಡದೇ ಇದ್ದಿದ್ರೆ ಅವನು ಇಷ್ಟು ವರ್ಷ ಹೀಗೆ ಓಡಾಡ್ಕೊಂಡು ಇರ್ತಿರಲಿಲ್ಲ."

ಕೊನೆಯ ಮಾತು ಲಕ್ಷ್ಮಮ್ಮನ ಕಿವಿಗೆ ಬೀಳಲೇ ಇಲ್ಲ.

ಕೀಮೋ ಶುರುವಾಯಿತು. ಜೊತೆಗೆ ಕಿಡ್ನಿಯ ಮಾತ್ರೆ ತಗ್ಗಿಸಬೇಕಾಯಿತು. ತಗ್ಗಿಸಿದರೆ ಮೈ ಕಿಡ್ನಿಯ ಮೇಲೆ ತಿರುಗಿ ಬೀಳಬಹುದು, ತಗ್ಗಿಸದಿದ್ದರೆ ಕ್ಯಾನ್ಸರ್ ಬಗ್ಗದೇ ಇರಬಹುದು. ಚೈತನ್ಯನೇ ತಗ್ಗಿಸಿ ಎಂದ. ಲಕ್ಷ್ಮಮ್ಮ ಬೆಳಗ್ಗೆ ಮಾತ್ರೆ ಬಿಡಿಸಿ ಕೊಡುವಾಗ, ಎಂಟು ವರ್ಷದ ಅಭ್ಯಾಸದಲ್ಲಿ ಕೈ ಇನ್ನೊಂದನ್ನು ಬಿಡಿಸಲು ಹೋಗುತ್ತಿತ್ತು. ಹಿಂದೆಗೆದುಕೊಳ್ಳುತ್ತಿದ್ದಳು.

ನಾದಿನಿ ಅಂಕಮ್ಮ ಯಡಿಯೂರಿನಿಂದ ನೋಡಲು ಬಂದವಳು ಬಾಗಿಲಲ್ಲೇ ನಿಂತು, "ನಮ್ಮ ಹುಡುಗ್ರಿಗೂ ಅಂಟ್ಕೊಳ್ಳುತ್ತೇನೋ ಅತ್ತಿಗೆ," ಎಂದಳು. ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದನ್ನು ಲಕ್ಷ್ಮಮ್ಮ ಹೇಳಿದಳು. ಅಂಕಮ್ಮ ಕಾಫಿ ಮುಟ್ಟದೆ ಹೋದಳು.

ಮೂರನೆಯ ಕೀಮೋ ಆದ ಮೇಲೆ ಚೈತನ್ಯನಿಗೆ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅವನು ಬಕೆಟ್ಟಿನ ಮೇಲೆ ಬಗ್ಗಿದ್ದಾಗ ಲಕ್ಷ್ಮಮ್ಮ ಬೆನ್ನು ಸವರಲು ಹೋದಳು. ಅವನು ಕೈ ಕೊಡವಿದ.

"ಬಿಡಮ್ಮ! ನಿನ್ ಕಿಡ್ನೀನೂ ಬೇಡ, ನಿನ್ ಕಾಯಿಲೆನೂ ಬೇಡ ನಂಗೆ."

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಸಂಜೆ ಅವನು ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತ. ಕ್ಷಮಿಸು ಎನ್ನಲಿಲ್ಲ. "ತಿಳಿಸಾರಿದ್ರೆ ಒಂಚೂರು ಕೊಡು," ಎಂದ. ಸಾರಿನ ಲೋಟ ಹಿಡಿದ ಅವನ ಕೈಬೆರಳು ಊದಿದ್ದನ್ನು ಅವಳು ಕಂಡದ್ದು ಆಗಲೇ. ಕಿಡ್ನಿ ಸೋಲುತ್ತಿತ್ತು.

ಮಳೆಗಾಲದ ಹೊತ್ತಿಗೆ ಸ್ಕ್ಯಾನಿನಲ್ಲಿ ಗಂಟುಗಳು ಕಾಣಲಿಲ್ಲ. ಕಿಡ್ನಿ ಪೂರ್ತಿ ನಿಂತುಹೋಗಿತ್ತು. ಮತ್ತೊಂದು ಕಸಿ ಮಾಡುವುದಾದರೂ, ಕ್ಯಾನ್ಸರ್ ಮರಳುವುದಿಲ್ಲವೆಂದು ಖಾತ್ರಿಯಾಗಲು ವರ್ಷಗಟ್ಟಲೆ ಕಾಯಬೇಕು ಎಂದರು ಮೇಘಶ್ರೀ. ಮಗ ಉಳಿದದ್ದಕ್ಕೆ ಗಂಗಾಧರಯ್ಯ ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದ. ಲಕ್ಷ್ಮಮ್ಮ ಜೊತೆಗೆ ಹೋಗಲಿಲ್ಲ. ಮಗ ಎದುರಿಗೇ ಬದುಕಿ ಕೂತಿರುವಾಗ ಒಂದು ಕಿಡ್ನಿಗಾಗಿ ಅಳು ಬರುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು.

ಈಗ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅಂಥ ಒಂದು ದಿನ, ಮಡಿವಾಳದಿಂದ ಮಗಳನ್ನು ಕರೆತರುತ್ತಿದ್ದ ಹೆಂಗಸೊಬ್ಬಳು ಬಂದು ಲಕ್ಷ್ಮಮ್ಮನ ಪಕ್ಕದಲ್ಲಿ ಕೂತಳು.

"ಅಕ್ಕಾ, ನೀವು ಮಗಂಗೆ ಕೊಟ್ಟಿದ್ರಂತೆ. ನಂದೂ ಹೊಂದುತ್ತೆ ಅಂದವ್ರೆ. ಕೊಡ್ಲಾ?"

ಮಂಚದ ಮೇಲೆ ಚೈತನ್ಯ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆಯಲ್ಲಿಲ್ಲವೆಂದು ಲಕ್ಷ್ಮಮ್ಮನಿಗೆ ಗೊತ್ತಿತ್ತು. ಅವಳು ಏನನ್ನೂ ಮುಚ್ಚಿಡಲಿಲ್ಲ. ಮಾತ್ರೆಯ ವಿಷಯ, ವೈರಸ್ಸಿನ ವಿಷಯ, ಗಂಟಿನ ವಿಷಯ ಎಲ್ಲ ಹೇಳಿದಳು. ಎಲ್ಲರಿಗೂ ಹೀಗಾಗುವುದಿಲ್ಲ, ಆಗುವವರು ತೀರಾ ಕಡಿಮೆ ಎಂದೂ ಹೇಳಿದಳು. ಹೆಂಗಸಿನ ಮುಖ ಬಿಳುಚಿಕೊಂಡಿತು.

"ಮತ್ತೆ, ಕೊಡಬಾರ್ದಾ?"

ಲಕ್ಷ್ಮಮ್ಮ ಮಗನ ಕಡೆ ತಿರುಗಿದಳು. ಅಷ್ಟರಲ್ಲಿ ಚೈತನ್ಯ ಕಣ್ಣು ಬಿಡದೆಯೇ, "ಕೊಡಿ ಆಂಟಿ," ಎಂದ. "ಎಂಟು ವರ್ಷ ನಾನು ಈ ಮೆಷಿನ್ ಹತ್ರ ಬರ್ಲಿಲ್ಲ."

ಹೆಂಗಸು ಇಬ್ಬರನ್ನೂ ನೋಡಿ, ಮಗಳ ಹತ್ತಿರಕ್ಕೆ ಎದ್ದುಹೋದಳು. ಲಕ್ಷ್ಮಮ್ಮ ಕುರ್ಚಿಯನ್ನು ಮಗನ ಮಂಚದ ಪಕ್ಕಕ್ಕೆ ಎಳೆದುಕೊಂಡಳು. ಅವನ ರಕ್ತ ಕೊಳವೆಯಲ್ಲಿ ಯಂತ್ರದೊಳಕ್ಕೆ ಹೋಗಿ ಬರುತ್ತಿತ್ತು.