ಪುರಿಂಗಕ್ಕನ ಶ್ರುತಿ

"ನನ್ನ ಕೈಲಾಗಲ್ಲಪ್ಪ! ಯಾರ ಗಂಟಲಿಗೆ ಬರೆದ್ರೋ ಮಾಯೆಸ್ತ್ರೊ ಇದನ್ನ!" ಎರಡನೇ ಸಾಲಿನಲ್ಲೇ ಗಾಯಕಿ ಮಿಲಾ ಹಾಡು ಬಿಟ್ಟಳು. ಶವಪೆಟ್ಟಿಗೆಯ ಸುತ್ತ ಕೂತಿದ್ದವರ ವಾದ್ಯಗಳೂ ಒಂದೊಂದಾಗಿ ನಿಂತವು.

ಇಗರ್ಜಿಗೆ ಹೊರಡುವ ಮೊದಲು ಮನೆಯಲ್ಲಿ ಒಂದು ಹಾಡಾಗಲಿ ಎಂದು ವಾದ್ಯದವರು ಹಟ ಹಿಡಿದಿದ್ದರು. ಮನಿಲಾದ ನೃತ್ಯಶಾಲೆಗಳನ್ನು ಕುಣಿಸಿದ ತಮ್ಮ ಮೇಳದ ಗುರು ದಾಮಿಯಾನ್ ಮಾಯೆಸ್ತ್ರೊನನ್ನು ಸುಮ್ಮನೆ ಕಳಿಸಲಾಗುತ್ತದೆಯೇ?

"ಶ್ರುತಿ ಇಳಿಸಿಕೊಡಿ ಅಂತ ಎಷ್ಟು ಸಲ ಬೇಡ್ಕೊಂಡೆ," ಎಂದಳು ಮಿಲಾ. "ಬಾಗಿಲು ಅಲ್ಲಿದೆ ಅಂದ್ರು."

"ನಿನ್ನ ಹಿಂದಿನ ಹುಡುಗೀರೂ ಅತ್ತಿದ್ದಾರೆ ಬಿಡು," ತುತ್ತೂರಿಯ ಮುದುಕ ಬೆರ್ತಿಂಗ್ ನಕ್ಕ. "ಉಳಿದ ಹಾಡೆಲ್ಲ ಹಾಡೋರ ಗಂಟಲು ನೋಡಿ ತಿದ್ದಿ ಬರೀತಿದ್ದ. ಇದೊಂದನ್ನ ಮುಟ್ಟಲಿಲ್ಲ ಮಹರಾಯ. ಇದು ಪುರಿಂಗಕ್ಕನ ಶ್ರುತಿ."

ಬಂದವರಿಗೆ ಶುಂಠಿ ಕಷಾಯ ಹಂಚುತ್ತಿದ್ದ ದಾಮಿಯಾನನ ಹೆಂಡತಿ ಪುರಿಂಗ್ ನಿಂತಲ್ಲೇ ನಿಂತಳು. "ನಂದಾ?"

* * *

ಮದುವೆಯಾದ ಮರುವಾರ ಪುರಿಂಗ್ ಎಂದಿನಂತೆ ಹಸಿರು ಗೌನು ತೊಟ್ಟು ಅವನ ಮೇಳದಲ್ಲಿ ಹಾಡಲು ಹೊರಟಾಗ ದಾಮಿಯಾನ್ ಬಾಗಿಲಲ್ಲೇ ತಡೆದಿದ್ದ. "ಮಾಯೆಸ್ತ್ರೊ ಹೆಂಡ್ತಿ ಕುಡುಕರ ಮುಂದೆ ಹಾಡ್ತಾಳೆ ಅಂತ ಜನ ಆಡ್ಕೋತಾರೆ. ನಾಲ್ಕು ದಿನ ಮನೇಲಿರು, ಆಮೇಲೆ ನೋಡೋಣ."

ಆ ನಾಲ್ಕು ದಿನ ಮುಗಿಯಲೇ ಇಲ್ಲ. ಅವನು ಕರೆಯಲಿಲ್ಲ, ಅವಳೂ ಬಿಗುಮಾನ ಬಿಟ್ಟು ಕೇಳಲಿಲ್ಲ, ನೃತ್ಯಶಾಲೆಯತ್ತ ತಲೆ ಹಾಕಲಿಲ್ಲ, ಅಡುಗೆಮನೆಯಲ್ಲಿ ಕೂಡ ಗುನುಗಲಿಲ್ಲ. ತನ್ನ ದನಿ ಅವನಿಗೆ ಮರೆತೇಹೋಗಿದೆ ಎಂದುಕೊಂಡೇ ಬಾಳುವೆ ಮಾಡಿದಳು.

* * *

"ಅಕ್ಕನ್ನ ಕರ್ಕೊಂಡು ಬಾರಯ್ಯ ಅಂತ ನಾನೇ ಒಂದ್ಸಲ ಹೇಳ್ದೆ," ಎಂದ ಬೆರ್ತಿಂಗ್. "'ಯಾವ ಮುಖ ಇಟ್ಕೊಂಡು ಕರೀಲಿ? ಅವಳಾಗೇ ಬಂದ್ರೆ ಅಂತ ಈ ಹಾಡಲ್ಲಿ ಜಾಗ ಇಟ್ಟಿದ್ದೀನಿ' ಅಂದ."

"ನಂಗೆ ಹೇಳೋಕೇನಾಗಿತ್ತು ಇವನಿಗೆ!" ಪುರಿಂಗ್ ಶವಪೆಟ್ಟಿಗೆಯ ಕಡೆ ತಿರುಗಿ ಬೈದಳು. "ಊರಿಗೆಲ್ಲ ವಾದ್ಯದಲ್ಲಿ ಹೇಳ್ದ. ಪಕ್ಕದಲ್ಲಿ ಮಲಗಿದ್ದೋಳಿಗೆ ಬಾಯಿಬಿಟ್ಟು ಒಂದು ಮಾತು ಹೇಳ್ಲಿಲ್ಲ." ಮಿಲಾ ಅವಳ ಕೈಯಿಂದ ಕಷಾಯದ ತಟ್ಟೆ ತೆಗೆದುಕೊಂಡು ತನ್ನ ಜಾಗ ಬಿಟ್ಟುಕೊಟ್ಟಳು.

ವಾದ್ಯದವರು ಹಾಡನ್ನು ಮತ್ತೆ ಮೊದಲಿಂದ ಹಿಡಿದರು. ಪುರಿಂಗ್ ಬಾಯಿ ತೆರೆದಳು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರ ಏರಿನಲ್ಲಿ ದನಿ ಒಡೆದು ಬರೀ ಗಾಳಿ ಬಂತು. ಇನ್ನೊಮ್ಮೆ ಹಾಡಿದಳು. ಆಗಲಿಲ್ಲ. ದಾಮಿಯಾನ್ ಜಾಗ ಕಾದಿಟ್ಟದ್ದು ಹಸಿರು ಗೌನಿನ ಹುಡುಗಿಗೆ; ಆ ಹುಡುಗಿ ಅವನಿಗಿಂತ ಎಷ್ಟೋ ಮೊದಲೇ ಹೋಗಿಬಿಟ್ಟಿದ್ದಳು.

"ಶ್ರುತಿ ಇಳಿಸ್ಲಾ ಅಕ್ಕಾ?" ಬೆರ್ತಿಂಗ್ ಮೆಲ್ಲಗೆ ಕೇಳಿದ.

ಪುರಿಂಗ್ ಶವಪೆಟ್ಟಿಗೆಯ ಗಾಜಿನ ಕೆಳಗಿನ ಗಂಡನ ಮುಖವನ್ನು ನೋಡಿದಳು. "ಇಳಿಸು," ಎಂದಳು.

ಮುದುಕರು ತಮ್ಮ ಮುಂದಿದ್ದ ಮಾಯೆಸ್ತ್ರೊನ ಸ್ವರಹಾಳೆಗಳನ್ನು ಒಬ್ಬೊಬ್ಬರಾಗಿ ಬೋರಲು ಹಾಕಿ, ಅವಳ ಈಗಿನ ದನಿಗೆ ಹೊಂದುವ ಶ್ರುತಿ ಹಿಡಿದರು.