ಸಾಬೂನು ಹೆಚ್ಚಾಗಿದೆ

ಆ ಮನೆಯಲ್ಲಿ ಯಾವ ಪದಾರ್ಥವೂ ಮುಗಿಯುತ್ತಿರಲಿಲ್ಲ. ಬಡಗಿಯ ತಾಯಿ ಮುಗಿಯಲು ಬಿಡುತ್ತಿರಲಿಲ್ಲ. ಜಾಡಿಯ ತಳ ಕಂಡರೂ "ಉಪ್ಪಿಲ್ಲ" ಎನ್ನಕೂಡದು, "ಉಪ್ಪು ಹೆಚ್ಚಾಗಿದೆ" ಎನ್ನಬೇಕು. ಇಲ್ಲ ಎಂದರೆ ಇಲ್ಲವೇ ಆಗಿಬಿಡುತ್ತದೆ ಎಂಬುದು ಮುದುಕಿಯ ನಂಬಿಕೆ. ಸೊಸೆ ಈ ಭಾಷೆಯನ್ನು ಮದುವೆಯಾದ ಹೊಸತರಲ್ಲೇ ಕಲಿತಿದ್ದಳು. ಮಗನಂತೂ ಅದನ್ನೇ ಕೇಳಿಕೊಂಡು ಬೆಳೆದವನು. ಹೆಂಗಸರು ಏನಾದರೂ ಹೆಚ್ಚಾಗಿದೆ ಎಂದರೆ ಸಾಕು, ಚೀಲ ಹಿಡಿದು ಹೊರಡುವುದು ಅವನ ಕಾಲಿಗೇ ಅಭ್ಯಾಸವಾಗಿತ್ತು.

ಹೀಗಿರುವಾಗ ಊರಾಚೆಯ ಹೆದ್ದಾರಿಯ ಪಕ್ಕ ಒಂದು ಸಗಟು ಮಳಿಗೆ ಬಂತು. ಒಳಗೆ ಕಾಲಿಡಬೇಕಾದರೆ ವರ್ಷಕ್ಕಿಷ್ಟು ಎಂದು ಕಟ್ಟಿ ಸದಸ್ಯನಾಗಬೇಕು, ಫೋಟೋ ಇರುವ ಕಾರ್ಡು ತೋರಿಸಬೇಕು. ಬಿಡಿಯಾಗಿ ಒಂದು ಸಾಬೂನು ಕೊಡುವುದಿಲ್ಲ, ಪೆಟ್ಟಿಗೆಯನ್ನೇ ಒಯ್ಯಬೇಕು. ಬಡಗಿ ದುಡ್ಡು ಕಟ್ಟಿ ಕಾರ್ಡು ಮಾಡಿಸಿಕೊಂಡು ಬಂದ.

"ಅಂಗಡಿ ಬಾಗಿಲು ದಾಟೋಕೂ ದುಡ್ಡಾ?" ಎಂದಳು ಹೆಂಡತಿ.

"ಕೊಟ್ಟಿದ್ದು ಹುಟ್ಟತ್ತೆ ಕಣೆ. ಜಾಸ್ತಿ ತಂದಷ್ಟೂ ಜಾಸ್ತಿ ಉಳಿತಾಯ."

"ಹಂಗಾದ್ರೆ ಇಡೀ ಮಳಿಗೇನೇ ತಂದ್ಬಿಡಿ. ಸಾಹುಕಾರ್ರಾಗ್ಬಿಡೋಣ."

ಅವನು ಹೆಚ್ಚೂಕಡಿಮೆ ಹಾಗೆಯೇ ಮಾಡಿದ. ಸಾಬೂನು, ಉಪ್ಪು, ಬೆಂಕಿಪೊಟ್ಟಣ ಎಲ್ಲವೂ ಪೆಟ್ಟಿಗೆಗಟ್ಟಲೆ ಬಂದವು. ಬಂದದ್ದನ್ನು ಇಡಲು ಹಲಗೆ ಬೇಕಲ್ಲ? ಒಪ್ಪಿಕೊಂಡ ಬಾಗಿಲು ಕಿಟಕಿಗಳ ಕೆಲಸ ಅರ್ಧಕ್ಕೆ ಬಿಟ್ಟು ಮನೆಯ ಗೋಡೆಗೆಲ್ಲ ಹಲಗೆ ಹೊಡೆದ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬಂತೆ, ಉಳಿದದ್ದಕ್ಕಿಂತ ಮರಕ್ಕೆ ಹೋದದ್ದೇ ಹೆಚ್ಚಾಯಿತು.

ಹೆಂಡತಿ ಬಟ್ಟೆ ಹೊಲಿಯುವವಳು. ಹೊರಕೋಣೆಯ ಒಂದೇ ಕಿಟಕಿಯ ಬುಡದಲ್ಲಿ ಅವಳ ಹೊಲಿಗೆ ಮೆಷಿನ್ನು. ಆ ತಿಂಗಳು ಬ್ಯಾಂಡಿನವರ ಕೋಟುಗಳನ್ನು ಒಪ್ಪಿಕೊಂಡಿದ್ದಳು. ಅಷ್ಟು ದೊಡ್ಡ ಕೆಲಸ ಅವಳ ಕೈಗೆ ಬಂದದ್ದು ಅದೇ ಮೊದಲು. ಕಪ್ಪು ಬಟ್ಟೆ, ಕಪ್ಪು ದಾರ. ಹಗಲ ಬೆಳಕಿಲ್ಲದೆ ಹೊಲಿಗೆ ಕಾಣುವುದಿಲ್ಲ. ಸಾಬೂನಿನ ಪೆಟ್ಟಿಗೆಗಳು ಅರ್ಧ ಕಿಟಕಿ ಮುಚ್ಚಿದ ದಿನ ಅವಳಿಗೆ ತಡೆಯಲಿಲ್ಲ.

"ರೀ, ಸಾಬೂನು ಹೆಚ್ಚಾಗಿದೆ."

"ಇಷ್ಟು ಬೇಗನಾ?" ಬಡಗಿಗೆ ಸಂತೋಷವೇ ಆಯಿತು. ಎದುರಿಗಿದ್ದ ಪೆಟ್ಟಿಗೆಗಳು ಖಾಲಿಯಿರಬೇಕು ಎಂದುಕೊಂಡನೇ ಹೊರತು ಎತ್ತಿ ನೋಡಲಿಲ್ಲ. ಸಂಜೆಗೆ ಇನ್ನೆರಡು ತಂದಿಳಿಸಿದ.

ಬೇಕೆಂದೇ ಹೀಗೆ ಮಾಡುತ್ತಿದ್ದಾನೆ ಎಂದು ಅವಳು ಎರಡು ದಿನ ಮಾತು ಬಿಟ್ಟಳು. ಆಮೇಲೆ ಯೋಚಿಸಿದಳು. ಈ ಮನೆಯಲ್ಲಿ ಎಲ್ಲವನ್ನೂ ತಲೆಕೆಳಗಾಗಿ ಹೇಳಬೇಕಲ್ಲವೇ, ಹಾಗೆಯೇ ಹೇಳಿದರಾಯಿತು.

"ರೀ, ಕೋಣೇಲಿ ಜಾಗ ಹೆಚ್ಚಾಗಿದೆ."

ಜಾಗವೇನು ಜಾಡಿಯಲ್ಲಿಡುವ ಪದಾರ್ಥವೇ? ಬಡಗಿ ಮಾತನ್ನು ಇದ್ದ ಹಾಗೆಯೇ ತೆಗೆದುಕೊಂಡ. "ಒಳ್ಳೇದಾಯ್ತು ಬಿಡು," ಎಂದು ಹೋಗಿ ಹಿಟ್ಟಿನ ಮೂಟೆಗಳನ್ನು ತಂದು ಕಿಟಕಿಯ ಮುಂದೆ ಒಟ್ಟಿದ. ಕೋಣೆ ಕತ್ತಲಾಯಿತು. ಮೆಷಿನ್ನು ಅಡುಗೆಮನೆಯ ಬಾಗಿಲಿಗೆ ಹೋಯಿತು, ಅಲ್ಲೂ ಬೆಳಕು ಅಷ್ಟಕ್ಕಷ್ಟೇ.

ಬ್ಯಾಂಡಿನ ಯಜಮಾನ ಬಂದು ಮೊದಲ ಕೋಟು ತೊಟ್ಟುಕೊಂಡ. ಎದೆ ತಡವಿದ, ಪಕ್ಕ ತಡವಿದ, ಕೊನೆಗೆ ತಿರುಗಿ ನಿಂತ.

"ಅಕ್ಕಾ, ಜೇಬು ಬೆನ್ನಿಗೆ ಬಂದಿದೆಯಲ್ಲ! ಇದಕ್ಕೆ ಕೈ ಹಾಕೋದು ಯಾರು, ನನ್ನ ಹಿಂದೆ ನಿಲ್ಲೋ ಡ್ರಮ್ಮಿನವನಾ?"

ಅವಳ ಮುಖ ಕೆಂಪಾಯಿತು.

"ಶುಕ್ರವಾರ ಬರ್ತೀನಿ. ಸರಿಯಾಗಿಲ್ಲ ಅಂದ್ರೆ ಬಟ್ಟೆ ವಾಪಸ್ ಕೊಟ್ಬಿಡಿ ಅಕ್ಕಾ, ಬೇಜಾರ್ ಮಾಡ್ಕೋಬೇಡಿ," ಎಂದು ಅವನು ಹೋದ.

ಬಡಗಿ ಮನೆಗೆ ಬಂದಾಗ ಹೆಂಡತಿ ಕೋಟನ್ನು ಮಡಿಲಲ್ಲಿಟ್ಟುಕೊಂಡು ಹಿಟ್ಟಿನ ಮೂಟೆಯ ಮೇಲೆ ಕುಳಿತಿದ್ದಳು.

"ಯಾಕೆ, ಏನಾಯ್ತು?"

"ನಿಮ್ಮ ಉಳಿತಾಯ ನನ್ನ ಕಸುಬು ತಿಂತು. ಸಾಬೂನು ಹೆಚ್ಚಾಗಿದೆ ಅಂದ್ರೂ ತರ್ತೀರಿ, ಜಾಗ ಹೆಚ್ಚಾಗಿದೆ ಅಂದ್ರೂ ತರ್ತೀರಿ!"

"ಹೆಚ್ಚಾಗಿದೆ ಅಂದ್ರೆ ಮುಗಿದಿದೆ ಅಂತ ತಾನೇ?"

"ಸಾಬೂನು ಹೆಚ್ಚಾಗಿದೆ ಅಂದ್ರೆ ಹೆಚ್ಚಾಗೇ ಇದೆ!"

"ಮತ್ತೆ ಜಾಗ?"

"ಅದು ಮುಗಿದಿದೆ!"

"ಹಂಗಂತ ನೆಟ್ಟಗೆ ಹೇಳೋದಲ್ವಾ?"

"ಯಾಕೆ ಹೇಳಲಿಲ್ಲ ಅಂತ ನಿಮ್ಮಮ್ಮನ್ನ ಕೇಳಿ."

ಇಬ್ಬರೂ ಮುದುಕಿಯ ಕಡೆ ತಿರುಗಿದರು. ಜಗಳ ಕೇಳಿ ಹೊರಟವಳು ಉಪ್ಪಿನ ಪೆಟ್ಟಿಗೆಗೂ ಸಾಬೂನಿನ ಪೆಟ್ಟಿಗೆಗೂ ನಡುವೆ ಅಡ್ಡಡ್ಡವಾಗಿ ಸಿಕ್ಕಿಕೊಂಡಿದ್ದಳು. ಮುಂದೆಯೂ ಬರಲಾಗದು, ಹಿಂದೆಯೂ ಹೋಗಲಾಗದು.

"ಇಲ್ಲ ಕಣೋ," ಎಂದಳು. "ಜಾಗ ಇಲ್ಲ, ಬೆಳಕಿಲ್ಲ. ನಿನಗೆ ಬುದ್ಧೀನೂ ಇಲ್ಲ."



"ಅಮ್ಮಾ, ನೀನೇ ಇಲ್ಲ ಅಂದ್ಯಲ್ಲ!"

"ಇನ್ನೇನನ್ಲಿ? ಬುದ್ಧಿ ಹೆಚ್ಚಾಗಿದೆ ಅಂದ್ರೆ ಹೊಗಳಿದೆ ಅಂದ್ಕೋತೀಯ. ಮೊದ್ಲು ನನ್ನ ಎಳಿ."

ಬಡಗಿ ತಾಯಿಯನ್ನು ಎಳೆದು ಬಿಡಿಸಿದ. ಬೆಳಗಾದ ಮೇಲೆ ಮೂಟೆ ಪೆಟ್ಟಿಗೆಗಳನ್ನು ಬೀದಿಗಿಳಿಸಿ, ತಂದ ಬೆಲೆಗೇ ಮನೆಮನೆಗೆ ಹಂಚಿದ. ಯಾರೂ ಬೇಡವೆನ್ನಲಿಲ್ಲ. ಎದುರುಮನೆಯಾಕೆಯಂತೂ ಹಿಟ್ಟು ಅಳೆಸಿಕೊಳ್ಳುತ್ತ, "ಅಗ್ಗ ಕಣಪ್ಪಾ! ಮುಂದಿನ ಸಲ ಹೊರಡೋವಾಗ ಒಂದು ಮಾತು ಕೂಗು. ಕಾರ್ಡಿನ ದುಡ್ಡಲ್ಲೂ ಎಲ್ಲರೂ ಪಾಲು ಹಾಕ್ಕೊಳ್ಳೋಣ. ಒಂದೇ ಮನೆಗೆ ಅದೇನು ದಕ್ಕತ್ತೆ?" ಎಂದಳು.

ಆ ಮಾತು ಬಡಗಿಗೆ ರುಚಿಸಿತು. ಒಳಗೆ ಬಂದಾಗ ಹೆಂಡತಿ ಮೆಷಿನ್ನನ್ನು ಕಿಟಕಿಗೆ ಎಳೆದುಕೊಂಡು, ಬ್ಲೇಡಿನಿಂದ ಜೇಬಿನ ಹೊಲಿಗೆ ಬಿಚ್ಚುತ್ತಿದ್ದಳು. ಅವನು ಕಿಟಕಿಗೆ ಒರಗಿ ನಿಂತು ಕೆಮ್ಮಿದ.

"ಅಲ್ಲ, ಕಾರ್ಡು ಮುಂದಿನ ವರ್ಷಕ್ಕೂ ಇರಲಾ, ಬೇಡ್ವಾ?"

ಅವಳು ತಲೆಯೆತ್ತಲಿಲ್ಲ. "ಶುಕ್ರವಾರ ಕಳೀಲಿ, ನೋಡೋಣ. ಈಗ ಆ ಕಡೆ ಸರ್ಕೊಳ್ಳಿ, ಬೆಳಕಿಗೆ ಅಡ್ಡ ನಿಂತಿದೀರಿ."