ಬೆಚ್ಚಗಿಟ್ಟ ತಟ್ಟೆಗಳು

ಐವತ್ತೆರಡನೆಯ ವಯಸ್ಸಿನಲ್ಲಿ ಪಿಎಚ್‌ಡಿ ಸಂದರ್ಶನಕ್ಕೆ ಹೊರಟವಳನ್ನು ಕಂಡು ಜನ ನಗದೆ ಬಿಡುತ್ತಾರೆಯೇ? ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿ ಜೊತೆಗೆ ದುಡಿಯುವವರು ನಕ್ಕರು. ಮಗಳಂತೂ, "ಅಮ್ಮಾ, ಓದೋದು ಆಮೇಲೆ, ಮೊದಲು ಕನ್ನಡಕ ಎಲ್ಲಿಟ್ಟಿದ್ದೀಯ ಹುಡುಕು" ಎಂದಳು. ನಗದವನು ಗಂಡ ಒಬ್ಬನೇ. ಪತ್ರಿಕೆಯ ಜಾಹೀರಾತನ್ನು ಕತ್ತರಿಸಿ ತಂದುಕೊಟ್ಟವನೂ ಅವನೇ. ವಿಕಿರಣ ಜೀವಶಾಸ್ತ್ರ ಮತ್ತು ನ್ಯಾನೊ ವೈದ್ಯಕೀಯದಲ್ಲಿ ಸಂಶೋಧನೆ, ವಯಸ್ಸಿನ ಮಿತಿಯಿಲ್ಲ, ಇರುವುದು ಒಂದೇ ಸೀಟು.

"ನನ್ನಿಂದ ನಿಂತಿದ್ದು ಕಣೇ ಇದು. ಮುಗಿಸೋವರೆಗೂ ನನಗೆ ಸಮಾಧಾನ ಇಲ್ಲ" ಎಂದಿದ್ದ.

ಆ ಮಾತು ಬಂದಾಗಲೆಲ್ಲ ಅವಳು ಬೇರೆ ಮಾತು ತೆಗೆಯುತ್ತಿದ್ದಳು. ಮದುವೆಗೋಸ್ಕರ ಪಿಎಚ್‌ಡಿ ಓದನ್ನು ಅರ್ಧಕ್ಕೆ ಬಿಟ್ಟಳೆಂದು ಇಪ್ಪತ್ತಾರು ವರ್ಷದಿಂದ ಎಲ್ಲರೂ ನಂಬಿದ್ದರು, ಅವನೂ ನಂಬಿದ್ದ. ಅವಳು ತಿದ್ದಿರಲಿಲ್ಲ.

ಸಂದರ್ಶನ ಅವಳು ಆಗ ಓದುತ್ತಿದ್ದ ಅದೇ ಹಳೆಯ ಕಟ್ಟಡದಲ್ಲಿ. ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಅವಳು ಉದ್ದನೆಯ ಮೊಗಸಾಲೆಗೆ ಕಾಲಿಟ್ಟಳು. ಅಯ್ಯೋ, ಅದೇ ಚಳಿ! ಬೇಸಿಗೆಯಲ್ಲೂ ಅಲ್ಲಿ ಮೈ ನಡುಗುತ್ತಿತ್ತು. ಈ ತುದಿಯಲ್ಲಿ ಕೋಶಗಳನ್ನು ಬೆಳೆಸುವ ಕೋಣೆ, ಆ ತುದಿಯಲ್ಲಿ ವಿಕಿರಣದ ಕೋಣೆ, ಅದರ ಬಾಗಿಲ ಮೇಲೊಂದು ಕೆಂಪು ದೀಪ.

ಎಂಥ ದಿನಗಳವು! ನಾಲ್ಕು ಸ್ಟೂಲು, ಐದು ಜನ. ಮೊದಲು ಬಂದವರಿಗೆ ಕೂರುವ ಭಾಗ್ಯ. ನೇರಳೆ ಬಣ್ಣ ಹಾಕಿದ ಗಾಜಿನ ತಟ್ಟೆಗಳನ್ನು ಬೋರಲು ಹಾಕಿ, ಕೋಶಗಳ ಒಂದೊಂದು ಗುಂಪಿಗೂ ಪೆನ್ನಿನಿಂದ ಚುಕ್ಕೆಯಿಟ್ಟು ಎಣಿಸುವ ಕೆಲಸ. ಬೆರಳಿಗೆ ಹತ್ತಿದ ಬಣ್ಣ ವಾರವಾದರೂ ಹೋಗುತ್ತಿರಲಿಲ್ಲ. ಅವಳ ಗೈಡಿಗೆ ಹುಡುಗರಿಟ್ಟ ಹೆಸರು ದೂರ್ವಾಸ. ಮೂಗಿನ ತುದಿಯಲ್ಲೇ ಕೋಪ, ಆದರೆ ತಮ್ಮ ಚಹಾದಲ್ಲಿ ಅರ್ಧ ಅವಳ ಲೋಟಕ್ಕೆ ಸುರಿಯದೆ ಕುಡಿದವರಲ್ಲ. "ಐವತ್ತು ಕೋಶ ಕೂಡಿದ್ರೆ ಅದೊಂದು ಸಂಸಾರ. ನಲವತ್ತೊಂಬತ್ತಿದ್ರೆ ಲೆಕ್ಕಕ್ಕಿಲ್ಲ!" ಎಂದು ಗದರುತ್ತಿದ್ದರು. ಅಷ್ಟು ಸುಖವಾಗಿ ಅವಳು ಮತ್ತೆಲ್ಲೂ ಬೈಸಿಕೊಂಡಿರಲಿಲ್ಲ.

ಆ ಸುಖಕ್ಕೆ ಕಲ್ಲು ಹಾಕಿಕೊಂಡವಳೂ ಅವಳೇ. ವಿಕಿರಣ ಕೊಡುವ ತಟ್ಟೆಗಳ ಜೊತೆ, ಕೊಡದ ತಟ್ಟೆಗಳನ್ನೂ ಅದೇ ಟ್ರೇಯಲ್ಲಿ ಮೊಗಸಾಲೆ ದಾಟಿಸಿ, ಅಷ್ಟೇ ಹೊತ್ತು ಬಾಗಿಲ ಹೊರಗಿಟ್ಟು ವಾಪಸು ತರಬೇಕು. ಆಗ ಮಾತ್ರ ಹೋಲಿಕೆ ಸರಿ. ಅವಳಿಗೆ ಎಲ್ಲಿಲ್ಲದ ಕನಿಕರ. ಸುಮ್ಮನೆ ಇವಕ್ಕೇಕೆ ಈ ಚಳಿಯ ಶಿಕ್ಷೆ ಎಂದು ಅವನ್ನು ಕೋಶ ಬೆಳೆಸುವ ಬಿಸಿ ಪೆಟ್ಟಿಗೆಯಲ್ಲೇ ಬೆಚ್ಚಗಿಟ್ಟಳು. ಒಂದು ದಿನವಲ್ಲ, ಎಂಟು ತಿಂಗಳು! ಚಳಿಗೆ ಸತ್ತ ಕೋಶಗಳೂ ವಿಕಿರಣಕ್ಕೆ ಸತ್ತವೆಂದೇ ಲೆಕ್ಕವಾದವು. ಗೈಡು ಕಂಡುಹಿಡಿದ ದಿನ ಬೈಯಲೂ ಇಲ್ಲ. ಅಚ್ಚಿಗೆ ಹೊರಟಿದ್ದ ಲೇಖನ ವಾಪಸು ತರಿಸಿ, "ಹೋಗ್ಲಿ ಬಿಡು, ಮೊದಲಿಂದ ಶುರು ಮಾಡೋಣ" ಎಂದರು. ಬೈದಿದ್ದರೆ ಅವಳು ಉಳಿಯುತ್ತಿದ್ದಳೇನೋ. ಮರುವಾರ "ಮದುವೆ ಗೊತ್ತಾಗಿದೆ ಸಾರ್" ಎಂದು ಹೇಳಿ ಹೊರಬಿದ್ದಳು.

ಒಳಗೆ ಮೂವರು ಕೂತಿದ್ದರು. ನಡುವಿನ ಮುಖ್ಯಸ್ಥೆಗೆ ಹೆಚ್ಚೆಂದರೆ ನಲವತ್ತು.

"ಚಿನ್ನದ ಅತಿಸಣ್ಣ ಕಣಗಳನ್ನ ಗಡ್ಡೆಯೊಳಗೆ ಕಳಿಸಿದ್ರೆ ಕಮ್ಮಿ ರೇಡಿಯೇಷನ್ ಸಾಕಾಗುತ್ತಾ ಅನ್ನೋದು ನಮ್ಮ ಪ್ರಶ್ನೆ. ನೀವಾದ್ರೆ ಹೇಗೆ ನೋಡ್ತೀರ?"

ಅವಳು ನೀರು ಕುಡಿದಷ್ಟು ಸಲೀಸಾಗಿ ಉತ್ತರಿಸಿದಳು. ಮೂವರೂ ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು.

"ಮತ್ತೆ ಆವತ್ತು ಇಲ್ಲಿ ಅರ್ಧಕ್ಕೆ ಯಾಕೆ ಬಿಟ್ರಿ?" ಎಂದಳು ಮುಖ್ಯಸ್ಥೆ.

ಮದುವೆ ಎಂಬ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ಕೇಳಿ ಸೀಟು ತಪ್ಪಿಸುವವರು ಯಾರೂ ಇಲ್ಲ. ನಿಜ ಹೇಳಿದರೆ? ಎಂಟು ತಿಂಗಳ ಕೆಲಸ ಹಾಳು ಮಾಡಿದವಳ ಕೈಗೆ ಚಿನ್ನ ಕೊಡಲು ಯಾರಿಗೆ ಹುಚ್ಚು? ಆದರೆ ಆ ಮೊಗಸಾಲೆಯ ಚಳಿ ಇನ್ನೂ ಮೈಯಲ್ಲಿತ್ತು. ಅಲ್ಲಿ ಕೂತು ಮತ್ತೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ತಪ್ಪು ಮಾಡಿದ್ದೆ ಮೇಡಂ. ಮುಖ ತೋರಿಸೋಕಾಗದೆ ಓಡಿಹೋದೆ" ಎಂದು ಶುರುಮಾಡಿ, ಎಲ್ಲವನ್ನೂ ಹೇಳಿದಳು. ಗೈಡಿನ ಮಾತಿಗೆ ಬಂದಾಗ ಕಣ್ಣು ತುಂಬಿ ಬಂತು.

ಮುಖ್ಯಸ್ಥೆ ಪೆನ್ನು ಕೆಳಗಿಟ್ಟಳು. "ಹೋದ ವರ್ಷ ಇಲ್ಲೊಬ್ಬ ಇಂಥದ್ದೇ ತಪ್ಪು ಮಾಡಿ ಮುಚ್ಚಿಟ್ಟ. ಗೊತ್ತಾಗೋಕೆ ನಮಗೆ ಒಂದು ವರ್ಷ ಬೇಕಾಯ್ತು" ಎಂದಳು. ಅಕ್ಕಪಕ್ಕದವರನ್ನು ನೋಡಿದಳು, ಇಬ್ಬರೂ ಹೂಂ ಎಂದರು. "ಸೋಮವಾರದಿಂದ ಬನ್ನಿ."

ಹೊರಗೆ ಗಂಡ ದಡಬಡಿಸಿ ಎದ್ದ. "ಸಿಕ್ತಾ?"

"ಸಿಕ್ತು ರೀ. ಆದ್ರೆ ಒಂದು ಮಾತಿದೆ. ಕೂತ್ಕೊಳ್ಳಿ."

ಒಳಗೆ ಹೇಳಿದ್ದನ್ನೇ ಹೇಳಿದಳು. ಕೊನೆಗೆ, "ನೀವು ಕಾರಣ ಅಲ್ಲ. ಯಾವತ್ತೂ ಆಗಿರಲಿಲ್ಲ" ಎಂದಳು. ಅವನು ಹಗುರಾಗುತ್ತಾನೆ, ಬೈದರೂ ನಗುತ್ತಾನೆ ಎಂದು ಎಣಿಸಿದ್ದಳು. ಅವನು ನಗಲಿಲ್ಲ.

"ನಿಮ್ಮಪ್ಪ ಸಾಯೋವರೆಗೂ ನನ್ನ ಹತ್ರ ನೆಟ್ಟಗೆ ಮಾತಾಡ್ಲಿಲ್ಲ. ಮಗಳ ಓದು ಕೆಡಿಸಿದವನು ಅಂತ. ನಾನೂ ಹೌದು ಅಂದ್ಕೊಂಡು ತಲೆ ತಗ್ಗಿಸಿದೆ. ನೀನು ಪಕ್ಕದಲ್ಲೇ ಕೂತಿರ್ತಿದ್ದೆ ಅಲ್ವೇನೇ?"

ಮೂವರು ಅಪರಿಚಿತರಿಗೆ ಮೊದಲು ಹೇಳಿ, ಇವನಿಗೆ ಆಮೇಲೆ ಹೇಳಿದ್ದಳು.

ಅವನು ಎದ್ದು ನಡೆದ. ಗೇಟಿನ ಬಳಿ ನಿಂತು, ತಿರುಗದೆಯೇ, "ಬಾ, ಬಸ್ಸು ಹೋಗುತ್ತೆ" ಎಂದ. ಬಸ್ಸಿನಲ್ಲಿ ಅವಳ ಪಕ್ಕ ಜಾಗವಿತ್ತು. ಅವನು ಹಿಂದಿನ ಸಾಲಿಗೆ ಹೋಗಿ ಕೂತ.